ಬರವಣಿಗೆ ಪ್ರಧಾನ ಪೇಪರ್‌ಗೆ ಒಪ್ಪಿಗೆ: ಮೈಸೂರು, ಮಂಡ್ಯದ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಮಕ್ಕಳಿಗೆ ಬರವಣಿಗೆ ಕಲಿಸಬೇಕು, ಅದಕ್ಕಾಗಿ ಒಂದು ಪೇಪರ್ (ಅಂದರೆ ಕೋರ್ಸ್) ರೂಪಿಸಬೇಕು ಅಂತ ಹೊರಟ ಅಧ್ಯಾಪಕರು ಫೋನ್ ಮಾಡಿ, ಸೆಮಿನಾರ್ ಬಿಡುವಿನಲ್ಲಿ ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆಗಳಿವು. ನಾನು ಇಂಥ ಪ್ರಸ್ತಾವನೆ ಬರೆದೂ ಇದ್ದೇನೆ, ಸಿಲಬಸ್ ನಿರ್ಧರಿಸುವ ಅಧ್ಯಯನ ಮಂಡಳಿಯಲ್ಲಿ ಕೂತು ಬೇರೆಯವರದ್ದನ್ನು ಓದಿಯೂ ಇದ್ದೇನೆ. ಎರಡೂ ಕಡೆಯವರಿಗೆ ಉಪಯೋಗವಾಗಲಿ ಅಂತ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬರವಣಿಗೆ ಪ್ರಧಾನ ಪೇಪರ್ ಅಂದರೆ ಏನು? ಮಕ್ಕಳು ಈಗಲೂ ಬರೀತಾನೇ ಇದ್ದಾರಲ್ವಾ?

ಬರೆಯುತ್ತಿದ್ದಾರೆ. ಟೆಸ್ಟ್ ಬರೆಯುತ್ತಾರೆ, ಅಸೈನ್‌ಮೆಂಟ್ ಬರೆಯುತ್ತಾರೆ, ಸೆಮಿಸ್ಟರ್ ಕೊನೆಗೆ ಕೈ ಸೋಲುವಷ್ಟು ಬರೆಯುತ್ತಾರೆ. ಆದರೆ ಬರೆದದ್ದು ಅವರ ಕೈಗೆ ವಾಪಸ್ ಬರುವುದು ಅಪರೂಪ. ಬಂದರೂ ಅದರ ಮೇಲೆ ಒಂದು ಅಂಕಿ, ಒಂದು ಸಹಿ. ಅಷ್ಟೇ.

ಬರವಣಿಗೆ ಪ್ರಧಾನ ಪೇಪರ್‌ನಲ್ಲಿ ವಿದ್ಯಾರ್ಥಿಗಳು ಮೊದಲು ಕರಡು ಬರೆಯುತ್ತಾರೆ. ಮೇಷ್ಟ್ರು ಓದಿ ಟಿಪ್ಪಣಿ ಹಾಕುತ್ತಾರೆ. ಅದನ್ನು ನೋಡಿಕೊಂಡು ಅದೇ ಬರಹವನ್ನು ಮತ್ತೆ ಬರೆಯುತ್ತಾರೆ. ಈ ಸುತ್ತು ಟೈಮ್‌ಟೇಬಲ್ ಒಳಗೇ ಇರಬೇಕು. ಅದಿಲ್ಲದ ಪೇಪರ್ ಎಷ್ಟು ಪುಟ ಬರೆಸಿದರೂ ಒಪ್ಪಿಗೆ ಕೊಡಬಾರದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನೊಂದು ಮಾತು. ಇದು ಭಾಷಾ ಪೇಪರ್ ಅಲ್ಲ. ಇತಿಹಾಸ, ಅರ್ಥಶಾಸ್ತ್ರ, ಸಸ್ಯಶಾಸ್ತ್ರ, ಕಾಮರ್ಸ್, ಯಾವುದೂ ಆಗಬಹುದು. ಆ ವಿಷಯವನ್ನೇ ಚೆನ್ನಾಗಿ ಕಲಿಯಲಿ ಅಂತ ಬರೆಸುತ್ತೇವೆ.

ಇದು ಎಲ್ಲಿಂದ ಬಂದ ಪದ್ಧತಿ?

1970ರ ದಶಕದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಬೆಳೆದದ್ದು. ಬರವಣಿಗೆ ಕಲಿಸುವುದು ಇಂಗ್ಲಿಷ್ ಡಿಪಾರ್ಟ್‌ಮೆಂಟ್‌ನವರ ಪಾಡು ಅಂತ ಉಳಿದವರು ಕೈ ತೊಳೆದುಕೊಳ್ಳುವ ಹಾಗಿಲ್ಲ, ಪ್ರತಿ ವಿಷಯದವರೂ ಹೊಣೆ ಹೊರಬೇಕು ಅನ್ನುವುದು ಇದರ ಹಿಂದಿನ ಯೋಚನೆ.

ಒಪ್ಪಿಗೆ ಕೊಡುವ ಕ್ರಮಕ್ಕೆ ಒಳ್ಳೆಯ ಉದಾಹರಣೆ ಹವಾಯಿ ವಿಶ್ವವಿದ್ಯಾಲಯದ ಮಾನೋವಾ ಕ್ಯಾಂಪಸ್. ಅಲ್ಲಿ ಸಾಮಾನ್ಯವಾಗಿ ಡಿಗ್ರಿ ಮುಗಿಸಲು ಇಂಥ 5 ಪೇಪರ್ ಮಾಡಿರಬೇಕು. ಪೇಪರ್‌ಗೆ ಆ ಮುದ್ರೆ ಬೀಳಬೇಕಾದರೆ ಕೆಲವು ಷರತ್ತುಗಳಿವೆ: ತರಗತಿಯಲ್ಲಿ 20ಕ್ಕಿಂತ ಜಾಸ್ತಿ ಜನ ಇರಬಾರದು. ಕಡಿಮೆ ಎಂದರೂ 4,000 ಪದ ಬರೆಸಬೇಕು. ಒಟ್ಟು ಅಂಕದಲ್ಲಿ ಕನಿಷ್ಠ 40 ಶೇಕಡ ಬರವಣಿಗೆಯಿಂದಲೇ ಬರಬೇಕು. ಬರೆಯುವ ಹೊತ್ತಿನಲ್ಲಿ ಮೇಷ್ಟ್ರ ಜೊತೆ ಮಾತುಕತೆ ನಡೆಯಬೇಕು. ಬರವಣಿಗೆ ಆ ವಿಷಯದ ಕಲಿಕೆಗೆ ನೆರವಾಗಬೇಕು. ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದಲೇ ಇದಕ್ಕೆಂದು ಅಧ್ಯಾಪಕರದೇ ಒಂದು ಮಂಡಳಿ ಇದೆ.

ಇದನ್ನು ಹಾಗೇ ಎತ್ತಿ ತಂದು ಇಲ್ಲಿ ಇಟ್ಟರೆ ನಡೆಯುವುದಿಲ್ಲ. ನಮ್ಮ ತರಗತಿ ಬೇರೆ, ನಮ್ಮ ಪರೀಕ್ಷೆ ಬೇರೆ. ಆದರೆ ಆ ಷರತ್ತುಗಳ ಹಿಂದಿನ ಕಾರಣ ಇಲ್ಲಿಗೂ ಸರಿಯಾಗಿ ಹೊಂದುತ್ತದೆ.

ಇಲ್ಲಿ ಯಾರು ಒಪ್ಪಿಗೆ ಕೊಡಬೇಕು?

ಬೇರೆ ಯಾವುದೇ ಹೊಸ ಪೇಪರ್‌ಗೆ ಇರುವ ದಾರಿಯೇ. ಮೊದಲು ವಿಭಾಗದಲ್ಲಿ ಚರ್ಚೆ. ಆಮೇಲೆ ಅಧ್ಯಯನ ಮಂಡಳಿ, ಅಂದರೆ ನಾವು ದಿನಾ ಹೇಳುವ ಬಿಒಎಸ್. ಅಲ್ಲಿಂದ ನಿಕಾಯ (ಫ್ಯಾಕಲ್ಟಿ), ಆಮೇಲೆ ಅಕಾಡೆಮಿಕ್ ಕೌನ್ಸಿಲ್.

ತನ್ನ ಸಿಲಬಸ್ ತಾನೇ ಮಾಡಿಕೊಳ್ಳುವ ಸ್ವಾಯತ್ತ ಕಾಲೇಜು ಆದರೆ ದಾರಿ ಹತ್ತಿರ. ಮೈಸೂರಿನ ಯುವರಾಜ ಕಾಲೇಜು, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಬಿಒಎಸ್, ಅಕಾಡೆಮಿಕ್ ಕೌನ್ಸಿಲ್ ಎರಡೂ ಕಾಲೇಜಿನ ಒಳಗೇ ಇರುತ್ತವೆ. ಬಿಒಎಸ್‌ನಲ್ಲಿ ಹೊರಗಿನ ವಿಷಯ ತಜ್ಞರು, ಕುಲಪತಿಗಳು ನೇಮಿಸಿದ ಒಬ್ಬರು, ಉದ್ಯಮದ ಕಡೆಯ ಒಬ್ಬರು, ಹಳೆಯ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಈ ಹಳೆಯ ವಿದ್ಯಾರ್ಥಿಯನ್ನು ಮರೆಯಬೇಡಿ. ಕೆಲಸಕ್ಕೆ ಸೇರಿದ ಮೇಲೆ ಒಂದು ವರದಿ ಬರೆಯಲು ಎಷ್ಟು ಒದ್ದಾಡಬೇಕಾಯಿತು ಅಂತ ಅವರೇ ಸಭೆಯಲ್ಲಿ ಹೇಳಿದರೆ, ನಿಮ್ಮ ಹತ್ತು ಪುಟದ ಪ್ರಸ್ತಾವನೆಗಿಂತ ಅದಕ್ಕೆ ತೂಕ ಜಾಸ್ತಿ.

ನಮ್ಮದು ಸಂಯೋಜಿತ ಕಾಲೇಜು. ಸಿಲಬಸ್ ಮೇಲಿಂದ ಬರುತ್ತದೆ. ನಾವೇನು ಮಾಡಲು ಸಾಧ್ಯ?

ಸಿಲಬಸ್ ಬದಲಿಸಲು ಆಗುವುದಿಲ್ಲ, ನಿಜ. ಎರಡು ದಾರಿ ಇವೆ. ಒಂದು, ಕಾಲೇಜಿನ ಮಟ್ಟದಲ್ಲೇ ಸರ್ಟಿಫಿಕೇಟ್ ಕೋರ್ಸ್ ಮಾಡುವುದು. ಇದಕ್ಕೆ ಪ್ರಾಂಶುಪಾಲರು, ಐಕ್ಯುಎಸಿ (ಕಾಲೇಜಿನೊಳಗಿನ ಗುಣಮಟ್ಟದ ಕೋಶ) ಒಪ್ಪಿದರೆ ಸಾಕಾಗುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸುವ ಕಡತಕ್ಕೂ ಸೇರುತ್ತದೆ. ಎರಡು, ಈಗಿರುವ ಪೇಪರ್‌ನ ಆಂತರಿಕ ಅಂಕದ ಅಸೈನ್‌ಮೆಂಟನ್ನೇ ಕರಡು, ಟಿಪ್ಪಣಿ, ಮರುಬರಹ ಅಂತ ಮಾಡುವುದು. ಇದಕ್ಕೆ ಯಾರ ಒಪ್ಪಿಗೆಯೂ ಬೇಡ.

ನನ್ನ ಸಲಹೆ ಎರಡನೆಯದು. ಒಂದು ವರ್ಷ ಸದ್ದಿಲ್ಲದೆ ಮಾಡಿ. ಮೊದಲ ಕರಡು, ಕೊನೆಯ ಪ್ರತಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಆಮೇಲೆ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ಬಿಒಎಸ್ ಅಧ್ಯಕ್ಷರಿಗೆ ಪತ್ರ ಬರೆಯಿರಿ. ಹತ್ತು ಜೋಡಿ ಪ್ರತಿ ಲಗತ್ತಿಸಿ. ಕಣ್ಣೆದುರು ಇರುವುದನ್ನು ಯಾರೂ ತಳ್ಳಿಹಾಕುವುದಿಲ್ಲ.

ಪ್ರಸ್ತಾವನೆಯಲ್ಲಿ ಏನೇನು ಇರಬೇಕು?

ಪೇಪರ್ ಹೆಸರು, ಕ್ರೆಡಿಟ್ (ವಾರದ ಗಂಟೆಗಳ ಲೆಕ್ಕದಲ್ಲಿ ಪೇಪರ್‌ನ ತೂಕ), ಘಟಕವಾರು ಪಾಠ, ಓದುವ ಪುಸ್ತಕಗಳ ಪಟ್ಟಿ, ಇವೆಲ್ಲ ಎಂದಿನಂತೆ. ಅದರ ಮೇಲೆ ವಾರವಾರದ ಕ್ಯಾಲೆಂಡರ್ ಬೇಕು. ಯಾವ ವಾರ ಕರಡು ಬರುತ್ತದೆ, ಯಾವ ವಾರ ಟಿಪ್ಪಣಿ ಜೊತೆ ವಾಪಸ್ ಹೋಗುತ್ತದೆ, ಯಾವ ವಾರ ಮರುಬರಹ ಬರುತ್ತದೆ. ಸಮಿತಿಯಲ್ಲಿ ಕೂತಾಗ ನಾನು ಮೊದಲು ತೆರೆಯುವ ಹಾಳೆ ಇದೇ. 'ವಿದ್ಯಾರ್ಥಿಗಳಲ್ಲಿ ಬರವಣಿಗೆಯ ಕೌಶಲ್ಯವನ್ನು ಬೆಳೆಸುವುದು' ಅಂತ ಉದ್ದೇಶದ ಕಾಲಂನಲ್ಲಿ ಬರೆದು ಬಿಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ. ಕರಡು 5ನೇ ವಾರ ಬಂದು 6ನೇ ವಾರ ವಾಪಸ್ ಹೋಗುತ್ತದೆ ಅಂತ ಇದ್ದರೆ ಈ ಮೇಷ್ಟ್ರು ಯೋಚನೆ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ.

ಜೊತೆಗೆ ಒಂದು ಅಸೈನ್‌ಮೆಂಟಿನ ಪೂರ್ತಿ ಪ್ರಶ್ನೆ, ಅಂಕ ಕೊಡುವ ಮಾನದಂಡ, ಬ್ಯಾಚ್ ಎಷ್ಟು ಜನರದು, ಯಾರು ಓದುತ್ತಾರೆ. ಇಷ್ಟು.

ಎಷ್ಟು ಪುಟ ಬರೆಸಬೇಕು?

ಅಮೆರಿಕದ 4,000 ಪದದ ಲೆಕ್ಕ ಇಂಗ್ಲಿಷಿಗೆ ಹೊಂದುವಂಥದ್ದು. ಅದೇ ಮಾತು ಹೇಳಲು ಕನ್ನಡದಲ್ಲಿ ಕಡಿಮೆ ಪದ ಸಾಕು, ಪದದ ಉದ್ದ ಜಾಸ್ತಿ. ಕನ್ನಡದಲ್ಲಿ ಬರೆಸುವುದಾದರೆ ಸೆಮಿಸ್ಟರ್‌ಗೆ 2,500 ಪದ ಧಾರಾಳವಾಯಿತು. ಅದನ್ನೂ ಒಂದೇ ದೊಡ್ಡ ಪ್ರಾಜೆಕ್ಟ್ ಮಾಡಬೇಡಿ. ಸೆಮಿಸ್ಟರ್ ಕೊನೆಗೆ ಬರುವ ದಪ್ಪ ಬೈಂಡಿಂಗ್ ಪುಸ್ತಕವನ್ನು ಯಾರೂ ತಿದ್ದಿ ವಾಪಸ್ ಕೊಡುವುದಿಲ್ಲ. ಮೂರು ಸಣ್ಣ ಬರಹ ಸಾಕು.

ಅಂಕ ಹಂಚುವುದು ಹೇಗೆ? ಆಂತರಿಕ ಅಂಕ ಕಡಿಮೆ ಇದೆಯಲ್ಲ?

ಇದು ನಿಜವಾದ ತೊಡಕು. ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆವು. ಸ್ಕೀಮ್ ಬದಲಾದಾಗಲೆಲ್ಲ ಅಂಕದ ಹಂಚಿಕೆಯೂ ಬದಲಾಗುತ್ತದೆ. 80:20ರ (ಪರೀಕ್ಷೆಗೆ 80, ಆಂತರಿಕಕ್ಕೆ 20) ಪೇಪರ್ ಆದರೆ ಆ 20ರಲ್ಲಿ ಟೆಸ್ಟ್ ಅಂಕ ಹೋಗಿ ಬರವಣಿಗೆಗೆ ಉಳಿಯುವುದು 10. ಹತ್ತು ಅಂಕಕ್ಕಾಗಿ ಮೂರು ಸಲ ಬರೆಯಿರಿ ಅಂದರೆ ಯಾವ ಹುಡುಗರೂ ಮನಸ್ಸು ಕೊಡುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಹಾಗಾಗಿ ಕಡ್ಡಾಯ ಕೋರ್ ಪೇಪರ್‌ಗೆ ಕೈ ಹಾಕುವ ಬದಲು ಐಚ್ಛಿಕ ಪೇಪರ್, ಕೌಶಲ್ಯ ಪೇಪರ್, ಪ್ರಾಜೆಕ್ಟ್ ಇಂಥವನ್ನು ಆರಿಸಿಕೊಳ್ಳಿ. ಅಲ್ಲಿ ಪರೀಕ್ಷೆಯ ಬಿಗಿ ಸ್ವಲ್ಪ ಸಡಿಲ. ಪ್ರಾಯೋಗಿಕ ಪರೀಕ್ಷೆಯ ಬದಲಿಗೆ ವಿದ್ಯಾರ್ಥಿಯ ಬರಹಗಳ ಕಡತವನ್ನು ಹೊರಗಿನ ಪರೀಕ್ಷಕರು ನೋಡಿ, ಹತ್ತು ನಿಮಿಷ ವೈವಾ ಮಾಡಿ ಅಂಕ ಕೊಡಬಹುದು ಅಂತ ಪ್ರಸ್ತಾವನೆಯಲ್ಲೇ ಸೇರಿಸಿ. ಕಳಿಸುವ ಮೊದಲು ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡು ಬನ್ನಿ. ಬಿಒಎಸ್ ಒಪ್ಪಿದ ಮೇಲೆ ಪರೀಕ್ಷಾಂಗದವರು 'ಇದು ನಿಯಮದಲ್ಲಿ ಇಲ್ಲ' ಅಂದರೆ ಒಂದು ವರ್ಷವೇ ಹೋಯಿತು.

ಒಂದು ಸೆಕ್ಷನ್‌ನಲ್ಲಿ 60 ಜನ ಇದ್ದಾರೆ. ಯಾರು ಓದುತ್ತಾರೆ ಇಷ್ಟೆಲ್ಲ?

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಲೆಕ್ಕ ಹಾಕೋಣ. ಮೂರು ಪುಟದ ಕರಡು ಓದಿ ಟಿಪ್ಪಣಿ ಬರೆಯಲು 10 ನಿಮಿಷ. 60 ಜನಕ್ಕೆ 600 ನಿಮಿಷ, ಅಂದರೆ 10 ಗಂಟೆ. ಮರುಬರಹ ನೋಡಲು ತಲಾ 5 ನಿಮಿಷ, ಅದು 5 ಗಂಟೆ. ಮೂರು ಬರಹಕ್ಕೆ ಒಟ್ಟು 45 ಗಂಟೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಓದುವ ಈ 45 ಗಂಟೆ ಅದರೊಳಗೆ ಎಲ್ಲೂ ಕಾಣುವುದಿಲ್ಲ. ಮನೆಗೆ ಹೊತ್ತುಕೊಂಡು ಹೋಗಿ ರಾತ್ರಿ ಕೂತು ಓದಬೇಕು. ಒಂದು ಸೆಮಿಸ್ಟರ್ ಉತ್ಸಾಹದಿಂದ ಮಾಡುತ್ತಾರೆ, ಎರಡನೆಯದಕ್ಕೆ ಸುಸ್ತಾಗುತ್ತಾರೆ, ಮೂರನೆಯದಕ್ಕೆ ಸುಮ್ನೆ ಸಹಿ ಹಾಕಿ ಕಳಿಸುತ್ತಾರೆ. ಒಳ್ಳೊಳ್ಳೆ ಪೇಪರ್‌ಗಳು ಹೀಗೇ ಸತ್ತು ಹೋಗುತ್ತವೆ.

ಅದಕ್ಕೆ ನಾನು ಎಲ್ಲರಿಗೂ ಹೇಳುವ ಮಾತು ಒಂದೇ: ಬರವಣಿಗೆಯ ಗಂಟೆಗಳನ್ನು ಪ್ರಾಕ್ಟಿಕಲ್ ಅಂತ ತೋರಿಸಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ 60 ಜನರನ್ನು ಒಟ್ಟಿಗೆ ನಿಲ್ಲಿಸಿ ಟೈಟ್ರೇಶನ್ ಮಾಡಿಸುವುದಿಲ್ಲ ತಾನೇ? ಬ್ಯಾಚ್ ಮಾಡುತ್ತೇವೆ, ಆ ಬ್ಯಾಚಿನ ಗಂಟೆಗಳು ವರ್ಕ್‌ಲೋಡ್‌ಗೆ ಸೇರುತ್ತವೆ. ಪ್ರಾಕ್ಟಿಕಲ್‌ನಲ್ಲಿ 1 ಕ್ರೆಡಿಟ್‌ಗೆ ವಾರಕ್ಕೆ 2 ಗಂಟೆ ಸಿಗುತ್ತದೆ. ಇದೇ ಸೌಲಭ್ಯವನ್ನು ಇತಿಹಾಸದವರು, ಸಮಾಜಶಾಸ್ತ್ರದವರು ಯಾಕೆ ಕೇಳಬಾರದು? 3 ಕ್ರೆಡಿಟ್ ಪೇಪರ್ ಆದರೆ 2 ಪಾಠಕ್ಕೆ, 1 ಪ್ರಾಕ್ಟಿಕಲ್‌ಗೆ ಇಡಿ. ಇಪ್ಪತ್ತು ಜನರ ಬ್ಯಾಚ್. ಆ ಎರಡು ಗಂಟೆಯಲ್ಲಿ ಮಕ್ಕಳು ಅಲ್ಲೇ ಬರೆಯುತ್ತಾರೆ, ನೀವು ಪಕ್ಕದಲ್ಲಿ ಕೂತು ಅಲ್ಲೇ ಓದುತ್ತೀರಿ. ಮನೆಗೆ ಹೊರೆ ಹೋಗುವುದಿಲ್ಲ.

ಮಂಡಳಿಯಲ್ಲಿ ಇದಕ್ಕೆ ವಿರೋಧ ಬರುತ್ತದೆ. 'ಆರ್ಟ್ಸ್‌ನವರಿಗೆ ಎಂಥ ಪ್ರಾಕ್ಟಿಕಲ್?' ಅನ್ನುತ್ತಾರೆ. ಪತ್ರಿಕೋದ್ಯಮ, ಭೂಗೋಳ, ಮನಃಶಾಸ್ತ್ರದಲ್ಲಿ ಪ್ರಾಕ್ಟಿಕಲ್ ಇದೆಯಲ್ಲ, ಅದನ್ನು ತೋರಿಸಿ. ಬಗ್ಗಬೇಡಿ.

ಬ್ಯಾಚ್ ಸಿಗದಿದ್ದರೆ ಬರಹಗಳ ಸಂಖ್ಯೆಯನ್ನು ಮೂರರಿಂದ ಒಂದಕ್ಕೆ ಇಳಿಸಿ. ತಿದ್ದುವುದನ್ನು ಮಾತ್ರ ಬಿಡಬೇಡಿ.

ತಿದ್ದುವುದು ಅಂದರೆ ಕಾಗುಣಿತದ ತಪ್ಪು ಹುಡುಕುವುದಾ?

ಅಲ್ಲ. ಕೆಂಪು ಶಾಯಿಯಲ್ಲಿ ಹಾಳೆ ತುಂಬ ಗೀಚಿದರೆ ವಿದ್ಯಾರ್ಥಿ ಆ ಹಾಳೆಯನ್ನು ಮಡಚಿ ಬ್ಯಾಗಿನ ತಳಕ್ಕೆ ಸೇರಿಸುತ್ತಾನೆ. ಒಂದು ಉದಾಹರಣೆ ಕೊಡುತ್ತೇನೆ. ಪಾಂಡವಪುರ ಕಡೆಯ ಒಬ್ಬ ಹುಡುಗಿ, ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಮೊದಲ ಕರಡು ಹೀಗೆ ಶುರು ಮಾಡಿದ್ದಳು:

'ಕಬ್ಬು ಮಂಡ್ಯ ಜಿಲ್ಲೆಯ ಪ್ರಮುಖ ವಾಣಿಜ್ಯ ಬೆಳೆಯಾಗಿದೆ. ಇಂದು ಕಬ್ಬು ಬೆಳೆಗಾರರು ಅನೇಕ ಸಮಸ್ಯೆಗಳನ್ನು ಎದುರಿಸುತ್ತಿದ್ದಾರೆ. ಸರ್ಕಾರವು ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿದೆ.'

ಇದರಲ್ಲಿ ಒಂದೂ ಅಕ್ಷರ ತಪ್ಪಿಲ್ಲ. ಹತ್ತಕ್ಕೆ ಏಳು ಅಂಕ ಹಾಕಿ ಮುಗಿಸಬಹುದಿತ್ತು. ಅಂಚಿನಲ್ಲಿ ಎರಡೇ ಪ್ರಶ್ನೆ ಬರೆದೆ: 'ಯಾವ ಸಮಸ್ಯೆ? ನಿಮ್ಮ ಮನೆಯಲ್ಲಿ ಕಬ್ಬು ಇದ್ದರೆ ನಿಮ್ಮಪ್ಪನನ್ನು ಕೇಳಿದೆಯಾ?' ಮರುಬರಹ ಹೀಗೆ ಬಂತು:

'ನಮ್ಮ ಕಬ್ಬು ಕಟಾವಿಗೆ ಬಂದರೂ ಕಾರ್ಖಾನೆಯಿಂದ ಸರದಿ ಬಂದಿಲ್ಲ. ದಿನ ಕಳೆದ ಹಾಗೆ ಸೂಲಂಗಿ (ಕಬ್ಬಿನ ಹೂವು) ಬರುತ್ತದೆ, ತೂಕ ಇಳಿಯುತ್ತದೆ. ಕಾಯಲು ಆಗದೆ ನಮ್ಮಪ್ಪ ಆಲೆಮನೆಗೆ ಕಡಿಮೆ ಬೆಲೆಗೆ ಕೊಟ್ಟರು. ಆಲೆಮನೆಯವರು ಕೈಯಲ್ಲೇ ದುಡ್ಡು ಕೊಡುತ್ತಾರೆ, ಕಾರ್ಖಾನೆ ದುಡ್ಡಿಗೆ ಕಾಯಬೇಕು. ಬೆಲೆಗಿಂತ ದುಡ್ಡು ಯಾವಾಗ ಬರುತ್ತದೆ ಅನ್ನುವುದೇ ರೈತನ ತೀರ್ಮಾನವನ್ನು ನಿರ್ಧರಿಸುತ್ತದೆ.'

ಕೊನೆಯ ಆ ಸಾಲು ನೋಡಿ. ಅದು ಅರ್ಥಶಾಸ್ತ್ರ. ಗೈಡ್ ಪುಸ್ತಕದಿಂದ ಬಂದದ್ದಲ್ಲ, ಬರೆಯುತ್ತಾ ಬರೆಯುತ್ತಾ ಅವಳಿಗೇ ಹೊಳೆದದ್ದು. ಎರಡು ಪ್ರಶ್ನೆಗೆ ಹಿಡಿದದ್ದು ಅರ್ಧ ನಿಮಿಷ.

ಕಾಗುಣಿತವನ್ನು ಕೊನೆಯ ಪ್ರತಿಯಲ್ಲಿ ನೋಡಿದರೆ ಸಾಕು. ಅದೂ ಒಂದು ಪುಟದಲ್ಲಿ ಗುರುತು ಮಾಡಿ, ಉಳಿದದ್ದನ್ನು ಅವರೇ ಹುಡುಕಲಿ ಅಂತ ಬಿಡಿ.

ಕನ್ನಡದಲ್ಲಿ ಬರೆಸಬಹುದಾ? ವಿಜ್ಞಾನದವರಿಗೂ?

ಖಂಡಿತ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನ ಕನ್ನಡ ಅಧ್ಯಯನ ಸಂಸ್ಥೆ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು 1969ರಲ್ಲೇ ತಂದಿತ್ತು. ಭೌತಶಾಸ್ತ್ರ, ವೈದ್ಯ, ತಂತ್ರಜ್ಞಾನ ಎಲ್ಲವನ್ನೂ ಕನ್ನಡದಲ್ಲಿ ಬರೆದು ತೋರಿಸಿದ ಊರು ಇದು. ಇಲ್ಲೇ ಕೂತು 'ಕನ್ನಡದಲ್ಲಿ ವಿಜ್ಞಾನ ಬರೆಯಲು ಆಗುತ್ತದಾ' ಅಂತ ಕೇಳುವುದು ಬೇಡ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಮೊದಲ ಕರಡು ಕನ್ನಡದಲ್ಲಿ ಬರೆಯಲು ಬಿಡಿ. ಏನು ಹೇಳಬೇಕು ಅನ್ನುವುದು ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಅಷ್ಟು ಕಷ್ಟವಾಗುವುದಿಲ್ಲ. ಪ್ರಸ್ತಾವನೆಯಲ್ಲಿ 'ಕನ್ನಡ ಅಥವಾ ಇಂಗ್ಲಿಷ್' ಅಂತ ಸ್ಪಷ್ಟವಾಗಿ ಹಾಕಿ. ಇಲ್ಲದಿದ್ದರೆ ಇಂಗ್ಲಿಷ್ ಮಾತ್ರ ಅಂತ ಯಾರೋ ಅಂದುಕೊಂಡು ಬಿಡುತ್ತಾರೆ.

ಟೈಪ್ ಮಾಡಿಸುವುದಾದರೆ ಯೂನಿಕೋಡ್‌ನಲ್ಲೇ ಇರಲಿ. 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದರಲ್ಲಿ ಹುಡುಕಲೂ ಆಗುವುದಿಲ್ಲ, ನಕಲು ಪತ್ತೆ ಮಾಡಲೂ ಆಗುವುದಿಲ್ಲ.

ವಿಜ್ಞಾನ, ಕಾಮರ್ಸ್‌ನಲ್ಲಿ ಏನು ಬರೆಸುವುದು?

ವಿಜ್ಞಾನದಲ್ಲಿ ಲ್ಯಾಬ್ ರೆಕಾರ್ಡ್ ಈಗಾಗಲೇ ಇದೆ. ಆದರೆ ಬಹಳ ಕಡೆ ಅದು ಸೀನಿಯರ್ ರೆಕಾರ್ಡ್ ನೋಡಿ ನಕಲು ಮಾಡಿದ್ದು. ಅದರ ಬದಲು ಒಂದು ಪುಟ: ಕುಕ್ಕರಹಳ್ಳಿ ಕೆರೆಯ ನೀರು, ಹಾಸ್ಟೆಲ್ ಬೋರ್‌ವೆಲ್ ನೀರು, ಎರಡರ ಗಡಸುತನ ಅಳೆದೆವು. ನನಗೆ ಬಂದ ಅಂಕಿ ಪಕ್ಕದವರಿಗಿಂತ ಯಾಕೆ ಬೇರೆ? ಇದನ್ನು ಬರೆಯಲು ನಕಲು ಸಾಲುವುದಿಲ್ಲ.

ಕಾಮರ್ಸ್‌ನವರಿಗೆ ಮದ್ದೂರಿನ ಎಳನೀರು ಮಾರುಕಟ್ಟೆ ಇದೆ. ತೋಟದಲ್ಲಿ ಒಂದು ಬೆಲೆ, ಮಾರುಕಟ್ಟೆಯಲ್ಲಿ ಒಂದು, ಬೆಂಗಳೂರಿನ ರಸ್ತೆ ಬದಿಯಲ್ಲಿ ಇನ್ನೊಂದು. ನಡುವೆ ಯಾರ ಖರ್ಚು ಎಷ್ಟು ಅಂತ ಬರೆಸಿ. ಇತಿಹಾಸದವರಿಗೆ ಮೈಸೂರಿನ ವಿಭಾಗೀಯ ಪತ್ರಾಗಾರ ಇದೆ.

ಇಂಟರ್ನೆಟ್‌ನಿಂದ ಕಾಪಿ ಮಾಡಿದರೆ? ಚಾಟ್‌ಜಿಪಿಟಿಯಿಂದ ಬರೆಸಿದರೆ?

ಕೃತಿಚೌರ್ಯಕ್ಕೆ ಯುಜಿಸಿಯ 2018ರ ನಿಯಮವೇ ಇದೆ. 10 ಶೇಕಡದವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದಕ್ಕಿಂತ ಮೇಲೆ 40, 60 ಅಂತ ಹಂತಗಳಿವೆ. 60 ದಾಟಿದರೆ ಸಂಶೋಧನಾ ಪ್ರಬಂಧ ಬರೆಯುವವರ ನೋಂದಣಿಯೇ ರದ್ದಾಗಬಹುದು. ಆದರೆ ಡಿಗ್ರಿ ಹುಡುಗರ ಮೂರು ಪುಟದ ಬರಹಕ್ಕೆ ಸಾಫ್ಟ್‌ವೇರ್ ಹಿಡಿದು ಕೂರುವುದು ನನಗೆ ಇಷ್ಟವಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ 'ಇನ್ನು ಮನೆಯಲ್ಲಿ ಬರೆಸುವುದೇ ದಂಡ' ಅಂತ ಕೈ ಚೆಲ್ಲಿದವರು ಬಹಳ ಜನ. ಕರಡು ಪದ್ಧತಿ ಇದ್ದರೆ ಅಷ್ಟು ಹೆದರಬೇಕಿಲ್ಲ. ಮೊದಲ ಕರಡನ್ನು ತರಗತಿಯಲ್ಲೇ, ಪೆನ್ನಿನಲ್ಲೇ ಬರೆಸಿ. ಆಮೇಲಿನ ಪ್ರತಿ ಅದರಿಂದ ಬೆಳೆದದ್ದೋ ಅಲ್ಲವೋ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಅನುಮಾನ ಬಂದರೆ ಕರೆದು ಕೂರಿಸಿ 'ಈ ಸಾಲು ಯಾಕೆ ಬರೆದೆ, ವಿವರಿಸು' ಅಂತ ಕೇಳಿ. ಎಐ ಪತ್ತೆ ಮಾಡುವ ಆ್ಯಪ್ ನಂಬಿ ಯಾರಿಗೂ ಶಿಕ್ಷೆ ಕೊಡಬೇಡಿ. ಅವು ತಪ್ಪು ಹೇಳುತ್ತವೆ. ತಾನೇ ಬರೆದ ಹುಡುಗಿಯನ್ನು ಕಳ್ಳಿ ಅಂದುಬಿಟ್ಟರೆ ಅವಳು ಮತ್ತೆ ಮನಸ್ಸಿಟ್ಟು ಬರೆಯುವುದಿಲ್ಲ.

ಅತಿಥಿ ಉಪನ್ಯಾಸಕರು ಈ ಪೇಪರ್ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರೇ ಮಾಡುತ್ತಿದ್ದಾರೆ. ಆದರೆ ಓದುವ ಗಂಟೆಗಳು ಅವರ ವರ್ಕ್‌ಲೋಡ್‌ನಲ್ಲಿ ಲೆಕ್ಕಕ್ಕೆ ಬರಲೇಬೇಕು. ಪುಕ್ಕಟೆ ದುಡಿಸಿಕೊಂಡು ನಡೆಸುವ ಪೇಪರ್‌ಗೆ ನಾನು ಒಪ್ಪಿಗೆ ಹಾಕುವುದಿಲ್ಲ. ಪ್ರಾಕ್ಟಿಕಲ್ ಕ್ರೆಡಿಟ್ ಕೇಳಿ ಅಂತ ಅಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಯಾವಾಗ ಅರ್ಜಿ ಹಾಕಬೇಕು?

ಮುಂದಿನ ಶೈಕ್ಷಣಿಕ ವರ್ಷಕ್ಕೆ ಬೇಕಾದರೆ ಈ ವರ್ಷದ ಬಿಒಎಸ್ ಸಭೆಗೆ ಮೊದಲೇ. ಸಭೆಯ ಹಿಂದಿನ ದಿನ ಕೊಟ್ಟರೆ ಯಾರೂ ಓದಿರುವುದಿಲ್ಲ, 'ಮುಂದಿನ ಸಭೆಗೆ ಇಡೋಣ' ಅನ್ನುತ್ತಾರೆ. ಸದಸ್ಯರಿಗೆ ತಿಂಗಳ ಮೊದಲೇ ಪ್ರತಿ ಕಳಿಸಿ.

ಒಮ್ಮೆ ಒಪ್ಪಿಗೆ ಸಿಕ್ಕರೆ ಮುಗಿಯಿತಾ? ಪೇಪರ್ ಬೇರೆಯವರ ಕೈಗೆ ಹೋದರೆ?

ಮುಗಿಯಬಾರದು. ಸಿಲಬಸ್ ಪುಸ್ತಕದಲ್ಲಿ ಹೆಸರು ಉಳಿದು, ತರಗತಿಯಲ್ಲಿ ನೋಟ್ಸ್ ಡಿಕ್ಟೇಶನ್ ನಡೆಯುವ ಸಾಧ್ಯತೆ ಬಹಳ. ಹಾಗಾಗಿ ಒಪ್ಪಿಗೆಗೆ ಎರಡು ವರ್ಷದ ಗಡುವು ಇಡಿ ಅಂತ ನಾನು ಮಂಡಳಿಗಳಿಗೆ ಹೇಳುತ್ತೇನೆ. ಗಡುವು ಮುಗಿದಾಗ ವಿಭಾಗದವರು ಐದು ವಿದ್ಯಾರ್ಥಿಗಳ ಕರಡು, ಟಿಪ್ಪಣಿ, ಮರುಬರಹ ತಂದು ತೋರಿಸಬೇಕು. ತೋರಿಸಲು ಆಗದಿದ್ದರೆ ಅದನ್ನು ಮಾಮೂಲಿ ಪೇಪರ್ ಮಾಡಿಬಿಡಲಿ.

ಮೇಷ್ಟ್ರು ವರ್ಗ ಆಗುತ್ತಾರೆ, ನಿವೃತ್ತರಾಗುತ್ತಾರೆ. ಬರುವವರಿಗೆ ಸಿಲಬಸ್ ಒಂದನ್ನೇ ಕೊಟ್ಟರೆ ಸಾಲದು. ವಾರದ ಕ್ಯಾಲೆಂಡರ್, ಅಸೈನ್‌ಮೆಂಟ್ ಪ್ರಶ್ನೆಗಳು, ಮಕ್ಕಳ ಅನುಮತಿ ಪಡೆದು ಹೆಸರು ತೆಗೆದ ಕೆಲವು ಮಾದರಿ ಬರಹಗಳು, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿ ವಿಭಾಗದ ಬೀರುವಿನಲ್ಲಿ ಇಡಿ. ಮೊದಲ ಸೆಮಿಸ್ಟರ್ ಮುಗಿದ ವಾರವೇ ಈ ಕೆಲಸ ಮಾಡಿ. ರಜೆ ಬಂದರೆ ಹಾಳೆಗಳು ಎಲ್ಲೆಲ್ಲಿಗೋ ಹೋಗಿಬಿಡುತ್ತವೆ.